ಸಾರಿಯಲ್ಲಿ ಎಂಟು ದಿನ: ಗಢವಾಲದ ಒಂದು ಹಳ್ಳಿಯಲ್ಲಿ ಸುಮ್ಮನೆ ಇದ್ದು ಬರುವುದು ಹೇಗೆ

ಸಾರಿ ಹಳ್ಳಿಗೆ ಬರುವ ಬಹುತೇಕರು ಅಲ್ಲಿ ಮಲಗುವುದು ಒಂದೇ ರಾತ್ರಿ. ಸಂಜೆ ಜೀಪು ಇಳಿಯುತ್ತಾರೆ, ಬೆಳಗಾಗುವ ಮುಂಚೆ ಮೇಲಿನ ದೇವರಿಯಾತಾಲ್ ಕೆರೆಗೆ ಹತ್ತಿ ಫೋಟೊ ಹೊಡೆಯುತ್ತಾರೆ, ಮಧ್ಯಾಹ್ನಕ್ಕೆ ಚೋಪ್ತಾ ಕಡೆ ಹೊರಟಿರುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಆರು ದಿನಕ್ಕೆ ಏಳು ಜಾಗ. ವಾಪಸ್ ಬಂದ ಮೇಲೆ ನೆನಪಿನಲ್ಲಿ ಉಳಿದಿದ್ದು ಜೀಪಿನ ಹಿಂದಿನ ಸೀಟು, ವಾಂತಿ ತಡೆಯಲು ಮೂಗಿಗೆ ಹಿಡಿದಿದ್ದ ನಿಂಬೆಹಣ್ಣು, ಮತ್ತೆ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ಐದು ಗಂಟೆ ಕೂತಲ್ಲೇ ಕೂತಿದ್ದು. ವಿಮಾನವೂ ತಪ್ಪಿತು.

ಎರಡನೇ ಸಲ ಒಂದೇ ಊರು, ಎಂಟು ದಿನ. ಕೇದಾರನಾಥವಿಲ್ಲ, ಬದರಿಯಿಲ್ಲ, ಔಲಿಯಿಲ್ಲ. ಹೀಗೆ ಹೋಗುವುದಕ್ಕೂ ಒಂದಷ್ಟು ತಯಾರಿ ಬೇಕು. ಸುಮ್ಮನೆ ಕೂರುವುದು ನಮಗೆ ಅಭ್ಯಾಸ ತಪ್ಪಿಹೋಗಿದೆ.

ಮೊದಲು ಊರು, ಆಮೇಲೆ ನಕ್ಷೆ

ಸಾರಿ ಇರುವುದು ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯಲ್ಲಿ. ಉಖೀಮಠದಿಂದ ಚೋಪ್ತಾಕ್ಕೆ ಹೋಗುವ ರಸ್ತೆಯಿಂದ ಕವಲೊಡೆದು ಒಳಗೆ ಹೋಗಬೇಕು. ಎತ್ತರ ಸುಮಾರು 2,000 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪ ಮೇಲೆ ಅಂದುಕೊಳ್ಳಿ. ಈ ಎತ್ತರಕ್ಕೆ ತಲೆಸುತ್ತು, ಉಸಿರಾಟದ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬಹುದು.

ನಿಜ ಹೇಳಬೇಕೆಂದರೆ ಸಾರಿ ಈಗ ಅಪರಿಚಿತ ಊರೇನಲ್ಲ. ರಸ್ತೆ ಬದಿಗೆ ಹೋಮ್‌ಸ್ಟೇ ಬೋರ್ಡುಗಳು ಸಾಲಾಗಿ ನಿಂತಿವೆ. ಶುಕ್ರವಾರ ರಾತ್ರಿ ದೆಹಲಿಯಿಂದ ಹೊರಟ ಗಾಡಿಗಳು ಶನಿವಾರ ಬಂದು ಸೇರುತ್ತವೆ. ಆದರೆ ಆ ಗದ್ದಲವೆಲ್ಲ ದೇವರಿಯಾತಾಲ್ ಕಾಲುದಾರಿ ಶುರುವಾಗುವ ತುದಿಯಲ್ಲಿ ಮಾತ್ರ. ರಸ್ತೆಗೆ ಬೆನ್ನು ಮಾಡಿ ಇನ್ನೂರು ಹೆಜ್ಜೆ ಕೆಳಗಿಳಿದರೆ ಮೆಟ್ಟಿಲು ಹೊಲ, ಚಪ್ಪಡಿ ಕಲ್ಲಿನ ಮಾಡು, ಅಂಗಳದಲ್ಲಿ ಒಣಗುವ ಕೆಂಪು ರಾಜಗಿರಿ ತೆನೆ. ಮನೆ ಹಿಡಿಯಬೇಕಾದ್ದು ಅಲ್ಲಿ. ಸೋಮವಾರ ತಲುಪುವ ಹಾಗೆ ಹೊರಡಿ.

ಇನ್ನೂ ಮೌನ ಬೇಕು ಅನ್ನುವವರಿಗೆ ಚಮೋಲಿ ಜಿಲ್ಲೆಯ ಉರ್ಗಮ್ ಕಣಿವೆ ಇದೆ. ಪಂಚಕೇದಾರಗಳೆಂಬ ಐದು ಶಿವನ ಗುಡಿಗಳಲ್ಲಿ ವರ್ಷವಿಡೀ ಬಾಗಿಲು ತೆರೆದಿರುವ ಕಲ್ಪೇಶ್ವರ ಅಲ್ಲೇ. ಉತ್ತರಕಾಶಿ ಕಡೆಗಾದರೆ ದಯಾರಾ ಬುಗ್ಯಾಲ್ ಎಂಬ ಬೆಟ್ಟದ ಹುಲ್ಲುಗಾವಲಿನ ಬುಡದ ರೈಥಲ್. ನಾನು ಸಾರಿಯನ್ನೇ ಹೇಳುತ್ತಿರುವುದಕ್ಕೆ ಕಾರಣ ಉಖೀಮಠ ಹತ್ತಿರವಿದೆ ಅನ್ನುವುದು. ಔಷಧಿ ಅಂಗಡಿ, ಎಟಿಎಂ, ತರಕಾರಿ ಎಲ್ಲ ಅಲ್ಲಿ ಸಿಗುತ್ತದೆ. ಕನ್ನಡಿಗರಿಗೆ ಇನ್ನೂ ಒಂದು ಕಾರಣವಿದೆ, ಆಮೇಲೆ ಹೇಳುತ್ತೇನೆ.

ಯಾವಾಗ ಹೋಗಬೇಕು

ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಬೇಡ. 2013ರ ಜೂನ್ 16, 17ರಂದು ಮಂದಾಕಿನಿ ಈ ಕಣಿವೆಯನ್ನು ಹೇಗೆ ತೊಳೆದುಕೊಂಡು ಹೋಯಿತು ಅನ್ನುವುದನ್ನು ಇಲ್ಲಿ ಪ್ರತಿಯೊಂದು ಮನೆಯವರೂ ಹೇಳುತ್ತಾರೆ. ಅಂಥ ದುರಂತ ಆಗದಿದ್ದರೂ ಪ್ರತಿ ಮಳೆಗಾಲದಲ್ಲಿ ಗುಡ್ಡ ಜಾರುತ್ತದೆ, ರಸ್ತೆ ಮುಚ್ಚುತ್ತದೆ. ಮೇ, ಜೂನ್ ಶುರುವಿನಲ್ಲಿ ಚಾರ್‌ಧಾಮ್ ಯಾತ್ರೆಯ ವಾಹನಗಳಿಂದ ಋಷಿಕೇಶ–ರುದ್ರಪ್ರಯಾಗ ರಸ್ತೆ ಕಿಕ್ಕಿರಿದಿರುತ್ತದೆ.

ನನ್ನ ಆಯ್ಕೆ ದೀಪಾವಳಿಯ ಸುತ್ತಮುತ್ತಲ ಎರಡು ವಾರ. ಮಳೆ ನಿಂತು ಗಾಳಿ ತೊಳೆದಿಟ್ಟ ಹಾಗಿರುತ್ತದೆ, ಚೌಖಂಬಾ ಶಿಖರ ಬೆಳಿಗ್ಗೆ ಕೈಗೆಟುಕುವಷ್ಟು ಹತ್ತಿರ ಕಾಣುತ್ತದೆ. ಬಿದಿಗೆಯಂದು, ಅಂದರೆ ಭಾಯ್ ದೂಜ್ ದಿನ ಕೇದಾರನಾಥದ ಬಾಗಿಲು ಮುಚ್ಚುತ್ತದೆ. ಅಲ್ಲಿಂದ ಹೊರಟ ಪಲ್ಲಕ್ಕಿ, ಅವರ ಮಾತಲ್ಲಿ ಡೋಲಿ, ದಾರಿಯಲ್ಲಿ ತಂಗುತ್ತಾ ಉಖೀಮಠಕ್ಕೆ ಬರುತ್ತದೆ. ದೀಪಾವಳಿ ಕಳೆದು ಹನ್ನೊಂದನೇ ದಿನ ಗಢವಾಲಿಗಳ ‘ಇಗಾಸ್’. ಆ ರಾತ್ರಿ ಗಂಡಸರು, ಹುಡುಗರು ಚೀಡ್, ಅಂದರೆ ಪೈನ್ ಮರದ ಸೀಳುಗಳನ್ನು ಬಳ್ಳಿಯಲ್ಲಿ ಕಟ್ಟಿ, ಬೆಂಕಿ ಹಚ್ಚಿ ತಲೆಯ ಸುತ್ತ ಬೀಸುತ್ತಾರೆ. ಅದಕ್ಕೆ ‘ಭೈಲೋ’ ಅನ್ನುತ್ತಾರೆ. ಹತ್ತಿರ ನಿಂತು ನೋಡುವುದಾದರೆ ನೈಲಾನ್ ಜಾಕೆಟ್ ಬಿಚ್ಚಿಟ್ಟು ಹೋಗಿ.

ಎರಡನೇ ಆಯ್ಕೆ ಮಾರ್ಚ್. ಕಾಡಿನ ತುಂಬ ಕೆಂಪು ಬುರಾಂಶ್ ಹೂ. ಮಾರ್ಚ್ ಮಧ್ಯದ ಸಂಕ್ರಮಣದ ಬೆಳಿಗ್ಗೆ ‘ಫೂಲ್ ದೇಯಿ’: ಮಕ್ಕಳು ಪುಟ್ಟ ಬುಟ್ಟಿ ಹಿಡಿದು ಮನೆ ಮನೆಗೆ ಹೋಗಿ ಹೊಸ್ತಿಲ ಮೇಲೆ ಹೂ ಹಾಕಿ ಹಾರೈಸುತ್ತಾರೆ. ಅಕ್ಕಿ, ಬೆಲ್ಲ ಕೊಟ್ಟು ಕಳಿಸಬೇಕು. ನೀವು ಮಲಗಿದ ಕೋಣೆಯ ಹೊಸ್ತಿಲಿಗೂ ಹೂ ಬೀಳುತ್ತದೆ. ಹಿಂದಿನ ದಿನವೇ ಬೆಲ್ಲದ ಅಚ್ಚು ತಂದಿಟ್ಟುಕೊಂಡಿರಿ.

ತಲುಪುವುದು: ಒಂದು ದಿನ ಪೂರ್ತಿ ರಸ್ತೆಗೆ

ಬೆಂಗಳೂರಿನಿಂದ ಡೆಹ್ರಾಡೂನಿನ ಜಾಲಿ ಗ್ರಾಂಟ್‌ಗೆ ವಿಮಾನ, ಅಥವಾ ದೆಹಲಿಗೆ ಹೋಗಿ ಅಲ್ಲಿಂದ ಹರಿದ್ವಾರಕ್ಕೆ ರೈಲು. ಎರಡರಲ್ಲಿ ಯಾವುದಾದರೂ ಸರಿ, ಆ ರಾತ್ರಿ ಋಷಿಕೇಶದಲ್ಲೇ ಮಲಗಿ. ಬೆಟ್ಟದ ಬಸ್ಸುಗಳು ನಸುಕಿಗೇ ಹೊರಡುತ್ತವೆ. ಎಂಟು ಗಂಟೆಗೆ ತಿಂಡಿ ತಿಂದು ನಿಧಾನಕ್ಕೆ ನಿಲ್ದಾಣಕ್ಕೆ ಹೋದರೆ ಅಲ್ಲಿ ಉಳಿದಿರುವುದು ಟ್ಯಾಕ್ಸಿಯವರು ಮಾತ್ರ.

ಋಷಿಕೇಶದಿಂದ ರುದ್ರಪ್ರಯಾಗ ಸುಮಾರು 140 ಕಿಲೋಮೀಟರ್, ಅಲ್ಲಿಂದ ಉಖೀಮಠ ಇನ್ನೂ ನಲವತ್ತು ಚಿಲ್ಲರೆ. ಬಯಲುಸೀಮೆಯ ಲೆಕ್ಕದಲ್ಲಿ ನಾಲ್ಕು ಗಂಟೆ, ಇಲ್ಲಿ ಎಂಟು ಹಿಡಿಯಿರಿ. ಬಸ್ಸಿನಲ್ಲಿ ರುದ್ರಪ್ರಯಾಗ ತಲುಪಿ ಉಖೀಮಠಕ್ಕೆ ಶೇರ್ ಜೀಪು, ಅಲ್ಲಿಂದ ಸಾರಿಗೆ ಮತ್ತೊಂದು. ಜೀಪಿಗೆ ಟೈಮ್ ಟೇಬಲ್ ಇಲ್ಲ, ತುಂಬಿದರೆ ಹೊರಡುತ್ತದೆ. ಸಂಜೆಯಾದ ಮೇಲೆ ಸಾರಿ ಕಡೆ ಗಾಡಿ ಸಿಗುವುದು ಕಷ್ಟ, ಆದ್ದರಿಂದ ಮೂರು ಗಂಟೆಯೊಳಗೆ ಉಖೀಮಠದಲ್ಲಿರಿ. ತಡವಾದರೆ ಅಲ್ಲೇ ತಂಗಿ, ಕತ್ತಲಲ್ಲಿ ಈ ರಸ್ತೆಗಳ ಸಹವಾಸ ಬೇಡ.

ವಾಂತಿ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮುಂಚೆ ನುಂಗಬೇಕು, ತಿರುವು ಶುರುವಾದ ಮೇಲಲ್ಲ. ಹೋಗುವಾಗ ನದಿಯ ಕಡೆಯ ಕಿಟಕಿ ಹಿಡಿಯಿರಿ. ದೇವಪ್ರಯಾಗದಲ್ಲಿ ಭಾಗೀರಥಿಯೂ ಅಲಕನಂದೆಯೂ ಬೇರೆ ಬೇರೆ ಬಣ್ಣದಲ್ಲಿ ಬಂದು ಸೇರುವುದು ರಸ್ತೆಯಿಂದಲೇ ಕಾಣುತ್ತದೆ. ಗಂಗೆ ಅನ್ನುವ ಹೆಸರು ಶುರುವಾಗುವುದು ಅಲ್ಲಿಂದ. ಶ್ರೀನಗರ (ಕಾಶ್ಮೀರದ್ದಲ್ಲ, ಗಢವಾಲದ್ದು) ದಾಟಿದ ಮೇಲೆ ಅಲಕನಂದೆಯ ನಡುವೆ ಕಂಬಗಳ ಮೇಲೆ ನಿಂತ ಧಾರಿ ದೇವಿ ಗುಡಿ. ಚಾಲಕ ಸ್ಟೀರಿಂಗ್‌ನಿಂದ ಒಂದು ಕೈ ಎತ್ತಿ ಹಣೆಗೆ ಮುಟ್ಟಿಸುತ್ತಾನೆ. ಜಲವಿದ್ಯುತ್ ಯೋಜನೆಗಾಗಿ ಮೂರ್ತಿಯನ್ನು ಮೂಲಸ್ಥಾನದಿಂದ ಎತ್ತಿದ್ದು 2013ರ ಜೂನ್ 16ರಂದೇ. ಪ್ರಳಯಕ್ಕೂ ಅದಕ್ಕೂ ಸಂಬಂಧವಿದೆ ಎಂದು ಇಲ್ಲಿನವರು ನಂಬುತ್ತಾರೆ. ಜೀಪಿನಲ್ಲಿ ಕೂತು ಆ ನಂಬಿಕೆಯ ಜೊತೆ ವಾದಕ್ಕೆ ಇಳಿಯಬೇಡಿ.

ಮನೆ ಹಿಡಿಯುವುದು

ಇಡೀ ಎಂಟು ದಿನಕ್ಕೆ ಆನ್‌ಲೈನಿನಲ್ಲಿ ಮುಂಗಡ ಕಟ್ಟಬೇಡಿ. ಎರಡು ರಾತ್ರಿಗೆ ಮಾತ್ರ ಗೊತ್ತು ಮಾಡಿ. ಮನೆಯವರು ಅಲ್ಲೇ ವಾಸವಿದ್ದಾರೆಯೇ, ಅಡುಗೆ ಅವರ ಒಲೆಯದ್ದೇ ಅಂತ ಫೋನಿನಲ್ಲಿ ಕೇಳಿ. ‘ಮೆನು ಕಳಿಸುತ್ತೇವೆ’ ಅಂದರೆ ಅದು ಹೋಟೆಲು. ‘ನಾವು ಉಂಡಿದ್ದೇ ನಿಮಗೂ’ ಅಂದರೆ ಅದು ನಿಮ್ಮ ಮನೆ. ನಾನು ಹೋದಾಗ ಎರಡು ಊಟ ಸೇರಿ ತಲೆಗೆ ದಿನಕ್ಕೆ ಸಾವಿರದ ಆಸುಪಾಸು ಕೊಟ್ಟೆ. ವಾರವಿಡೀ ಇರುತ್ತೇನೆ ಅಂದರೆ ಅವರೇ ಇಳಿಸುತ್ತಾರೆ, ನೀವು ಇನ್ನೂ ಎಳೆಯುವುದು ಚೆನ್ನಾಗಿರುವುದಿಲ್ಲ.

ಹಳೆಯ ಮನೆ ಸಿಕ್ಕರೆ ಬಿಡಬೇಡಿ. ಕೆಳಗೆ ದನಕ್ಕೆ ‘ಓಬರಾ’, ಮೇಲೆ ಕೆತ್ತನೆಯ ಮರದ ಕಂಬಗಳ ಜಗಲಿ, ಅದು ‘ತಿಬಾರಿ’. ಸಿಮೆಂಟಿನ ಹೊಸ ಕೋಣೆಗಿಂತ ಕಲ್ಲು ಮಣ್ಣಿನ ಗೋಡೆಯ ಕೋಣೆ ಬೆಚ್ಚಗಿರುತ್ತದೆ. ಒಂದೇ ಕೊರತೆ, ಬಾಗಿಲು ಗಿಡ್ಡ. ನಾನು ಎಂಟು ದಿನದಲ್ಲಿ ಮೂರು ಸಲ ತಲೆ ಚಚ್ಚಿಕೊಂಡೆ.

ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುವುದು ಕಾಣುತ್ತದೆ. ಕೆಲಸಕ್ಕೆ, ಮಕ್ಕಳ ಓದಿಗೆ ಜನ ಡೆಹ್ರಾಡೂನಿಗೆ, ದೆಹಲಿಗೆ ಇಳಿದಿದ್ದಾರೆ. ರಾಜ್ಯದ ವಲಸೆ ಆಯೋಗದ 2018ರ ವರದಿಯ ಪ್ರಕಾರ 2011ರ ನಂತರ ಉತ್ತರಾಖಂಡದ 734 ಹಳ್ಳಿಗಳು ಪೂರ್ತಿ ಖಾಲಿಯಾಗಿವೆ. ಸಾರಿಯ ಸ್ಥಿತಿ ಅಷ್ಟು ಕೆಟ್ಟಿಲ್ಲ, ಪ್ರವಾಸಿಗರ ದುಡ್ಡು ಇಲ್ಲಿನ ಹುಡುಗರನ್ನು ಊರಲ್ಲೇ ಉಳಿಸಿದೆ. ಬೀಗ ಹಾಕಿದ ಮನೆಯ ಮುಂದೆ ನಿಂತು ‘ಎಷ್ಟು ಚಂದ’ ಅಂತ ಫೋಟೊ ತೆಗೆಯುವ ಮೊದಲು ಇದು ನೆನಪಿರಲಿ. ಗಢವಾಲಿಯಲ್ಲಿ ‘ಖುದ್’ ಅಂತ ಒಂದು ಪದವಿದೆ. ದೂರವಾದವರ, ಬಿಟ್ಟುಬಂದ ಮನೆಯ ಹಂಬಲ ಅದು. ತವರಿನ ನೆನಪಾದ ಹೆಣ್ಣುಮಗಳ ಬಾಯಲ್ಲಿ ಹೆಚ್ಚು ಕೇಳುತ್ತದೆ.

ಮಾತು

ಹಿಂದಿ ಎಲ್ಲರಿಗೂ ಬರುತ್ತದೆ, ಆದರೆ ಮನೆಮಾತು ಗಢವಾಲಿ. ನಿಮ್ಮ ಹಿಂದಿ ಮುರುಕಲಾಗಿದ್ದರೆ ನಾಚಿಕೆ ಬೇಡ, ಅಲ್ಲಿನ ಅಜ್ಜಿಯರದ್ದೂ ಹಾಗೇ. ಹಿರಿಯ ಗಂಡಸರಿಗೆ ‘ಬೋಡಾ’, ಹೆಂಗಸರಿಗೆ ‘ಬೋಡಿ’. ನಿಮಗಿಂತ ಸ್ವಲ್ಪ ದೊಡ್ಡವರಿಗೆ ‘ಭೈಜಿ’, ‘ದೀದಿ’. ಕಿರಿಯರಿಗೆ ‘ಭುಲಾ’, ‘ಭುಲಿ’. ಇಷ್ಟು ಕಲಿತರೆ ಎರಡನೇ ದಿನಕ್ಕೆ ಚಹಾದ ಕರೆ ಬರುತ್ತದೆ. ಚಹಾ ಬೇಡ ಅನ್ನಬೇಡಿ. ಸಕ್ಕರೆ ಕಡಿಮೆ ಹಾಕಿ ಅಂತ ಬೇಕಾದರೆ ಹೇಳಿ, ಯಾರೂ ಕೇಳಿಸಿಕೊಳ್ಳುವುದಿಲ್ಲ.

ಮೊದಲ ಎರಡು ದಿನ ಏನೂ ಮಾಡಬೇಡಿ

ಇದೇ ಕಷ್ಟದ ಹೆಜ್ಜೆ. ಮೊದಲ ದಿನ ಹತ್ತು ಗಂಟೆಯ ಹೊತ್ತಿಗೆ ಕೈ ಫೋನಿಗೆ ಹೋಗುತ್ತದೆ. ಸಿಗ್ನಲ್ ಬಂದು ಹೋಗಿ ಮಾಡುತ್ತಿರುತ್ತದೆ. ಹನ್ನೊಂದಕ್ಕೆ ‘ಇಲ್ಲಿ ಏನು ನೋಡಬಹುದು’ ಅಂತ ಮನೆಯವರನ್ನು ಕೇಳುವ ಆಸೆಯಾಗುತ್ತದೆ. ತಡೆದುಕೊಳ್ಳಿ. ಜಗಲಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಊರಿನ ಹೊತ್ತನ್ನು ಗಮನಿಸಿ: ಹೆಂಗಸರು ಕುಡುಗೋಲು, ಹಗ್ಗ ಹಿಡಿದು ಕಾಡಿಗೆ ಹೋಗುವುದು ಯಾವಾಗ, ಹುಲ್ಲಿನ ಹೊರೆಯಡಿ ಮುಖವೇ ಕಾಣದಂತೆ ವಾಪಸ್ ಬರುವುದು ಯಾವಾಗ, ಬಿಸಿಲು ಯಾವ ಹೊಲದಿಂದ ಮೊದಲು ಸರಿಯುತ್ತದೆ.

ಊರಿನ ಧಾರೆಗೆ, ಅಂದರೆ ಕಲ್ಲಿನ ದೋಣಿಯಿಂದ ಬೀಳುವ ಊಟೆಗೆ, ನೀರು ತರಲು ನೀವೂ ಒಂದು ಸಲ ಹೋಗಿ. ನೀರು ಬೀಳುವಲ್ಲಿ ಸೋಪು ಹಚ್ಚಬೇಡಿ, ಬಟ್ಟೆ ಒಗೆಯುವ ಜಾಗ ಕೆಳಗಿರುತ್ತದೆ. ಮದುವೆಯಾಗಿ ಬಂದ ಸೊಸೆ ಪೂಜೆ ಮಾಡುವುದು ಈ ಧಾರೆಗೇ. ಮೇಲೆ ಬಾಂಜ್, ಅಂದರೆ ಓಕ್ ಮರದ ಕಾಡು ಇದ್ದರೆ ಧಾರೆ ಬತ್ತುವುದಿಲ್ಲ, ಚೀಡ್ ಬಂದರೆ ನೆಲ ಒಣಗುತ್ತದೆ ಎಂದು ಇಲ್ಲಿ ಮಕ್ಕಳೂ ಹೇಳುತ್ತಾರೆ. ಮರ ತಬ್ಬಿದ ಚಿಪ್ಕೋ ಹೆಂಗಸರು ಈ ಸೀಮೆಯವರೇ. ಚೋಪ್ತಾ ದಾಟಿ ಆ ಕಡೆ ಇಳಿದರೆ ಸಿಗುವ ಮಂಡಲ್‌ನಲ್ಲಿ 1973ರಲ್ಲಿ ಶುರುವಾದದ್ದು ಹತ್ತು ವರ್ಷಕ್ಕೆ ನಮ್ಮ ಶಿರಸಿಯ ಸಾಲ್ಕಣಿಗೆ ಅಪ್ಪಿಕೋ ಆಗಿ ಬಂತು.

ಮೂರನೇ ದಿನದಿಂದ ಕೈ ಜೋಡಿಸಬಹುದು. ಹುರುಳಿ ಬಡಿಯುವುದು, ಸೌದೆ ಒಟ್ಟುವುದು. ನನಗೆ ಕೊಟ್ಟ ಕೆಲಸ ಒಣಗಲು ಹರಡಿದ ಕಾಳಿನಿಂದ ಮಂಗ ಓಡಿಸುವುದು. ಅದರಲ್ಲೂ ಸೋತೆ.

ಒಲೆಯ ಮುಂದೆ

ಚಪ್ಪಲಿ ಹೊರಗೆ ಬಿಡಿ, ಕರೆಯದೆ ಒಲೆಯ ಹತ್ತಿರ ಹೋಗಬೇಡಿ. ಕರೆದರೆ ಕೂತು ನೋಡಿ, ಯಾಕೆಂದರೆ ಕನ್ನಡಿಗನಿಗೆ ಗಢವಾಲಿ ಅಡುಗೆಮನೆ ಪರಸ್ಥಳ ಅನ್ನಿಸುವುದೇ ಇಲ್ಲ. ಅವರ ‘ಮಂಡುವಾ’, ಊರಮಾತಿನಲ್ಲಿ ‘ಕೋದಾ’, ನಮ್ಮ ರಾಗಿ. ‘ಗಹತ್’ ನಮ್ಮ ಹುರುಳಿ. ‘ಝಂಗೋರಾ’ ಅಂದರೆ ಊದಲು. ಪ್ರತ್ಯೇಕ ರಾಜ್ಯದ ಚಳವಳಿಯಲ್ಲಿ ‘ಕೋದಾ ಝಂಗೋರಾ ತಿನ್ನುತ್ತೇವೆ, ಉತ್ತರಾಖಂಡ ಕಟ್ಟುತ್ತೇವೆ’ ಅನ್ನುವುದು ಘೋಷಣೆಯಾಗಿತ್ತು. 2000ದ ನವೆಂಬರ್ 9ಕ್ಕೆ ರಾಜ್ಯ ಬಂತು.

ನಾನಿದ್ದ ಮನೆಯ ದೀದಿ ರೊಟ್ಟಿ ಮಾಡುವುದನ್ನು ದಿನಾ ನೋಡುತ್ತಿದ್ದೆ. ಬಿಸಿನೀರಲ್ಲಿ ಕಲಸಿದ ಹಿಟ್ಟಿನ ಉಂಡೆ. ಲಟ್ಟಣಿಗೆ ಇಲ್ಲ, ಎರಡು ಅಂಗೈ ನಡುವೆ ತಟ್ಟುತ್ತಾ ತಿರುಗಿಸುತ್ತಾ ಹೋಗುತ್ತಾಳೆ, ಅಂಚು ಒಡೆದರೆ ಒದ್ದೆ ಬೆರಳಲ್ಲಿ ಸವರುತ್ತಾಳೆ. ಕಬ್ಬಿಣದ ಹೆಂಚಿನ ಮೇಲೆ ಎರಡೂ ಕಡೆ ಬಣ್ಣ ತಿರುಗಿದ ಮೇಲೆ ಎತ್ತಿ ಒಲೆಯ ಬಾಯಲ್ಲಿ, ಕೆಂಡದ ಎದುರಿಗೆ ಒರಗಿಸಿ ನಿಲ್ಲಿಸುತ್ತಾಳೆ. ಒಂದು ನಿಮಿಷಕ್ಕೆ ಉಬ್ಬುತ್ತದೆ. ಬೂದಿ ಕೊಡವಿ, ಬೆಣ್ಣೆ ಇಟ್ಟು, ಪಕ್ಕಕ್ಕೆ ‘ಪಿಸ್ಯೂಂ ಲೂಣ್’: ಬೆಳ್ಳುಳ್ಳಿ, ಹಸಿಮೆಣಸು, ಕೊತ್ತಂಬರಿ ಜೊತೆ ಕಲ್ಲಿನ ಮೇಲೆ ಅರೆದ ಉಪ್ಪು. ನಮ್ಮ ಅಕ್ಕಿರೊಟ್ಟಿಯ ಹಾಗೆ ತೆಳ್ಳಗಲ್ಲ, ಎರಡು ತಿಂದರೆ ಸಂಜೆಯವರೆಗೆ ನಿಲ್ಲುತ್ತದೆ. ಒಂದು ದಿನ ನಾನು ಅದೇ ಹಿಟ್ಟಿಗೆ ಮುದ್ದೆ ತಿರುವಿ, ಗಹತ್ ಬೇಳೆಯ ಜೊತೆ ಇಟ್ಟೆ. ನುಂಗಬೇಕು, ಅಗಿಯಬಾರದು ಅಂದಾಗ ಇಡೀ ಮನೆ ನಕ್ಕಿತು. ಬೋಡಾ ಮಾತ್ರ ಎರಡನೇ ಸಲ ಕೇಳಿದರು.

ಇನ್ನು ‘ಕಂಡಾಲಿ’ ಸಿಕ್ಕರೆ ತಿನ್ನಿ. ಅದು ನಮ್ಮ ತುರಿಕೆ ಗಿಡದ ಬಳಗ, ಬೆಂದರೆ ಪಾಲಕ್ಕಿಗಿಂತ ರುಚಿ, ಬೇಲಿಯಲ್ಲಿ ಮುಟ್ಟಿದರೆ ಅರ್ಧ ದಿನ ಉರಿ. ಒಗ್ಗರಣೆಗೆ ಸಾಸಿವೆಯ ಬದಲು ಚಟಪಟ ಅನ್ನುವ ‘ಜಖಿಯಾ’. ‘ಭಾಂಗ್’ ಬೀಜದ ಚಟ್ನಿಗೆ ಹೆದರಬೇಡಿ, ಬೀಜಕ್ಕೆ ಅಮಲಿಲ್ಲ. ಮದುವೆ ಮನೆಯಿಂದ ‘ಅರ್ಸಾ’ ಬಂದರೆ ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತದೆ. ನೆನೆಸಿದ ಅಕ್ಕಿ ಕುಟ್ಟಿ, ಬೆಲ್ಲದ ಪಾಕಕ್ಕೆ ಹಾಕಿ, ಎಣ್ಣೆಯಲ್ಲಿ ಕರಿದ ನಮ್ಮ ಕಜ್ಜಾಯವೇ.

ಮ್ಯಾಗಿ, ಪನೀರ್ ಕೇಳಬೇಡಿ. ಕೇಳಿದರೆ ತಂದು ಮಾಡಿಕೊಡುತ್ತಾರೆ, ತೊಂದರೆ ಇರುವುದೇ ಅಲ್ಲಿ.

ನಡಿಗೆ

ದೇವರಿಯಾತಾಲ್‌ಗೆ ಸಾರಿಯಿಂದ ಸುಮಾರು ಮೂರು ಕಿಲೋಮೀಟರ್ ಏರು. ಕೆರೆ ಇರುವುದು 2,438 ಮೀಟರ್ ಎತ್ತರದಲ್ಲಿ. ಅರಣ್ಯ ಇಲಾಖೆಯ ಚೀಟಿ ಪಡೆಯಬೇಕು, ರಸೀದಿ ಜೇಬಲ್ಲಿರಲಿ. ಮಂಗಳವಾರವೋ ಬುಧವಾರವೋ ನಸುಕಿಗೆ ಹೊರಡಿ. ಗಾಳಿ ಏಳುವ ಮೊದಲು ಚೌಖಂಬಾ ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತದೆ, ಹತ್ತು ಗಂಟೆಗೆ ಅಲೆ ಅದನ್ನು ಅಳಿಸಿಹಾಕುತ್ತದೆ. ಯಕ್ಷ ಧರ್ಮರಾಯನಿಗೆ ಪ್ರಶ್ನೆ ಕೇಳಿದ ಕೊಳ ಇದೇ ಎಂಬುದು ಊರವರ ನಂಬಿಕೆ. ನಾನು ಹೋಗಿದ್ದು ಎಂಟು ದಿನದಲ್ಲಿ ಮೂರು ಸಲ, ಮೂರೂ ಸಲ ಬೇರೆ ಕೆರೆ ಕಂಡಿತು.

ತುಂಗನಾಥ ಬೇಕೇಬೇಕು ಅಂದರೆ ಐದನೇ ದಿನಕ್ಕಿಡಿ. ಚೋಪ್ತಾದಿಂದ ಮೂರೂವರೆ ಕಿಲೋಮೀಟರ್ ಕಲ್ಲುದಾರಿ, ಗುಡಿ 3,680 ಮೀಟರ್‌ನಲ್ಲಿದೆ. ಅಷ್ಟರಲ್ಲಿ ಮೈ ಎತ್ತರಕ್ಕೆ ಒಗ್ಗಿರುತ್ತದೆ. ತಲೆನೋವು ಹೆಚ್ಚಾದರೆ ಅಲ್ಲಿಂದಲೇ ಇಳಿಯಿರಿ. ಹೇಸರಗತ್ತೆ ಎದುರಾದರೆ ಬೆಟ್ಟದ ಕಡೆಗೆ ಸರಿದು ನಿಲ್ಲಿ, ಪ್ರಪಾತದ ಕಡೆಗಲ್ಲ. ಅದರ ಹೊರೆ ತಾಗಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಉಖೀಮಠದ ಒಂದು ದಿನ

ಇದು ಕನ್ನಡಿಗರಿಗೆ. ಓಂಕಾರೇಶ್ವರ ಗುಡಿಯಲ್ಲಿ ಚಳಿಗಾಲದ ಆರು ತಿಂಗಳು ಕೇದಾರನಾಥನ ಪೂಜೆ, ಮಧ್ಯಮಹೇಶ್ವರನ ಚಳಿಗಾಲದ ಪೂಜೆಯೂ ಇಲ್ಲೇ. ಬಾಳೆಹೊನ್ನೂರು, ಉಜ್ಜಯಿನಿ, ಶ್ರೀಶೈಲ, ಕಾಶಿ ಜೊತೆ ಎಣಿಸುವ ಪಂಚಪೀಠಗಳ ಕೇದಾರ ಪೀಠದ ನೆಲೆ ಈ ಊರು. ಕೇದಾರದ ಮುಖ್ಯಸ್ಥರಾದ ರಾವಲರು ದಕ್ಷಿಣದಿಂದ ಬರುವ ವೀರಶೈವ ಜಂಗಮ ಪರಂಪರೆಯವರು. ಊರಿನ ಹೆಸರು ಬಾಣಾಸುರನ ಮಗಳು ಉಷೆಯಿಂದ ಬಂದದ್ದು, ಅವಳಿಗೂ ಅನಿರುದ್ಧನಿಗೂ ಮದುವೆಯಾದದ್ದು ಇಲ್ಲಿ ಅನ್ನುತ್ತಾರೆ. ಗುಡಿಯ ಆವರಣದಲ್ಲಿ ನಾನು ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದಾಗ ಹಿಂದಿನಿಂದ ‘ಯಾವ ಊರು?’ ಅಂತ ಕೇಳಿತು. ತಿರುಗಿದರೆ ಬಿಜಾಪುರದ ಕಡೆಯ ಒಬ್ಬ ಸ್ವಾಮಿಗಳು. ಊಟ ಆಯ್ತೇನ್ರಿ ಅಂದರು.

ಸಂಜೆ ಕಣಿವೆಯ ಆಚೆ ಗುಪ್ತಕಾಶಿಯ ದೀಪ ಹತ್ತುವವರೆಗೆ ಕಾಯಬೇಡಿ, ಕೊನೆಯ ಜೀಪು ಹೋಗಿರುತ್ತದೆ. ದುಡ್ಡು ಬಿಡಿಸುವುದಿದ್ದರೆ ಇವತ್ತೇ. ಸಿಗ್ನಲ್ ಇಲ್ಲದ ದಿನ ಯುಪಿಐ ನಂಬಿ ಕೂರಲಾಗದು.

ಎಚ್ಚರ

ಕತ್ತಲಾದ ಮೇಲೆ ಒಬ್ಬರೇ ಓಡಾಡಬೇಡಿ. 1918ರಿಂದ 1926ರವರೆಗೆ 125 ಜನರನ್ನು ಕೊಂದು, ಕೊನೆಗೆ ಜಿಮ್ ಕಾರ್ಬೆಟ್‌ ಗುಂಡಿಗೆ ಬಿದ್ದ ನರಭಕ್ಷಕ ಚಿರತೆ ಓಡಾಡಿದ್ದು ಇದೇ ಜಿಲ್ಲೆಯಲ್ಲಿ. ಅದು ಹಳೆಯ ಕಥೆ, ಆದರೆ ‘ಗುಲ್ದಾರ್’, ಅಂದರೆ ಚಿರತೆ, ಈಗಲೂ ಇದೆ. ಕಾಡಂಚಿನಲ್ಲಿ ಕರಡಿಯೂ ಇದೆ.

ಚಳಿಗೆ ಇದ್ದಿಲಿನ ಅಗ್ಗಿಷ್ಟಿಕೆ ಕೊಟ್ಟರೆ ಮಲಗುವ ಮೊದಲು ಹೊರಗಿಡಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದರ ಅನಿಲಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಬಿಸಿನೀರು ಸೌದೆಯಲ್ಲಿ ಕಾಯುವುದು, ಆ ಸೌದೆ ಯಾರದೋ ಬೆನ್ನ ಮೇಲೆ ಬಂದದ್ದು: ಒಂದು ಬಕೆಟ್ ಸಾಕು, ದಿನ ಬಿಟ್ಟು ದಿನ. ತಂದ ಪ್ಲಾಸ್ಟಿಕ್ ವಾಪಸ್ ಒಯ್ಯಿರಿ. ‘ಜಾಗರ್’, ಅಂದರೆ ದೇವರನ್ನು ಕರೆಯುವ ರಾತ್ರಿ ಪೂಜೆ, ನಡೆಯುವ ಮನೆಯಲ್ಲಿ, ಮೈಮೇಲೆ ದೇವರು ಬಂದಾಗ, ಕ್ಯಾಮೆರಾ ಚೀಲದಲ್ಲಿರಲಿ.

ಹೊರಡುವುದು

ಹಿಂದಿನ ಸಂಜೆಯೇ ಜೀಪಿನವನಿಗೆ ಹೇಳಿ ಮುಂದಿನ ಸೀಟು ಹಿಡಿಯಿರಿ. ಋಷಿಕೇಶದಲ್ಲಿ ಒಂದು ದಿನ ಖಾಲಿ ಬಿಟ್ಟು ವಿಮಾನದ ಟಿಕೆಟ್ ಮಾಡಿಸಿ, ಇದನ್ನು ದುಡ್ಡು ಕಳೆದುಕೊಂಡು ಕಲಿತವನು ಹೇಳುತ್ತಿದ್ದೇನೆ. ಮನೆಯವರಿಗೆ ಕೊಡಲು ಬೆಂಗಳೂರಿನಿಂದಲೇ ಫಿಲ್ಟರ್ ಕಾಫಿ ಪುಡಿ, ಚಿಕ್ಕದೊಂದು ಫಿಲ್ಟರು ತಂದಿರಿ. ಮೊದಲ ದಿನವೇ ಕೊಟ್ಟು, ಮಾಡಿ ತೋರಿಸಿದರೆ ಎಂಟು ದಿನ ನಿಮಗೂ ಸಿಗುತ್ತದೆ.

ಗಹತ್, ಮಂಡುವಾ ಹಿಟ್ಟು, ರಾಜಗಿರಿ ಕಾಳು ಅವರಿಂದಲೇ ಕೊಳ್ಳಿ, ಪೇಟೆಯ ದರಕ್ಕಿಂತ ಮೇಲೆ ಕೊಡಿ. ಹಿಟ್ಟು ಚೆಕ್-ಇನ್ ಬ್ಯಾಗಿಗೆ ಹೋಗಲಿ. ದೀದಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಟ್ಟ ಹಸಿರು ಉಪ್ಪನ್ನೂ ಅಲ್ಲೇ ಹಾಕಿಬಿಡಿ. ನಾನು ಕೈಚೀಲದಲ್ಲಿ ಇಟ್ಟಿದ್ದೆ. ಜಾಲಿ ಗ್ರಾಂಟ್‌ನಲ್ಲಿ ತಪಾಸಣೆಯ ಹುಡುಗ ಗಂಟು ಬಿಚ್ಚಿಸಿ, ಮೂಗಿಗೆ ಹಿಡಿದು, ‘ಪಿಸ್ಯೂಂ ಲೂಣ್! ಯಾವ ಊರಿಂದ ತಂದಿರಿ?’ ಅಂದ. ಸಾರಿ ಅಂದೆ. ಮತ್ತೊಮ್ಮೆ ಮೂಸಿ ನೋಡಿ, ಗಂಟು ನನಗಿಂತ ಚೆನ್ನಾಗಿ ಕಟ್ಟಿಕೊಟ್ಟ.